ಮಗನಲ್ಲಿ ಕಲಿತ ಯುದ್ಧಕ್ರೀಡೆ

ಮೂವತ್ತನಾಲ್ಕು ವರ್ಷಗಳ ಕಾಲ ಊರಿನ ಮಕ್ಕಳಿಗೆ ಶಬ್ದರೂಪಗಳನ್ನೂ ಧಾತುರೂಪಗಳನ್ನೂ ಬಾಯಿಪಾಠ ಮಾಡಿಸಿದ ಉಪಾಧ್ಯಾಯನೊಬ್ಬನು, ನಿವೃತ್ತನಾದ ಮರುವರ್ಷವೇ ತನ್ನ ೧೭ ವರ್ಷದ ಮಗನ ಮುಂದೆ ಶಿಷ್ಯನಾಗಿ ಕುಳಿತನೆಂದರೆ ಓದುಗರು ನಗಬಹುದು. ನಗಲಿ, ನನ್ನ ಮನೆಯವರೂ ನಕ್ಕರು. ಕಲಿತ ವಿದ್ಯೆಯಾದರೂ ಯಾವುದು? ವೇದಾಂತವಲ್ಲ, ಗಣಿತವಲ್ಲ, ಗಣಕಯಂತ್ರದ ಪರದೆಯ ಮೇಲೆ ಐವರು ಐವರೊಡನೆ ಕಾದುವ ‘ಡೋಟಾ ೨’ ಎಂಬ ಆಟ. ಹದಿಹರೆಯದ ಮಕ್ಕಳಿರುವ ಅನೇಕ ಮನೆಗಳಲ್ಲಿ ಮುಚ್ಚಿದ ಬಾಗಿಲಿನ ಹಿಂದೆ ಈ ಆಟವೋ ಇದರ ಒಡಹುಟ್ಟಿನಂಥ ಇನ್ನೊಂದು ಆಟವೋ ನಡೆಯುತ್ತಿರುವುದರಿಂದಲೂ, ಅದರ ವಿಷಯದಲ್ಲಿ ಹಿರಿಯರಿಗೆ ಸಿಟ್ಟು ಇರುವಷ್ಟು ತಿಳಿವಳಿಕೆ ಇಲ್ಲದಿರುವುದರಿಂದಲೂ, ನಾನು ಕಲಿತ ಮೊದಲ ಪಾಠಗಳನ್ನು ಕ್ರಮವಾಗಿ ಹೇಳಿದರೆ ಗೃಹಸ್ಥರಿಗೆ ಉಪಯೋಗವಾದೀತೆಂದು ನಂಬಿ ಇದನ್ನು ಬರೆಯುತ್ತಿದ್ದೇನೆ.

ಕಲಿಯಲು ಕಾರಣವಾದ ಸಂಗತಿ ನನಗೆ ಹೆಮ್ಮೆ ತರುವಂಥದಲ್ಲ. ಕಳೆದ ಆಷಾಢದ ಒಂದು ರಾತ್ರಿ ಎಂಟೂವರೆ ಗಂಟೆಗೆ ಊಟಕ್ಕೆ ಬಡಿಸಿತ್ತು. ಮಗನನ್ನು ಮೂರು ಸಲ ಕೂಗಿದೆನು. ‘ಬಂದೆ ಅಪ್ಪಾ, ಐದೇ ನಿಮಿಷ’ ಎಂಬ ಉತ್ತರವು ಮೂರು ಸಲವೂ ಬಂದಿತು, ಮಗನು ಬರಲಿಲ್ಲ. ಸಾರು ಆರಿತು, ನನ್ನ ತಲೆ ಕಾಯಿತು. ಎದ್ದು ಹೋಗಿ, ಮನೆಗೆ ಅಂತರ್ಜಾಲವನ್ನು ತರುವ ಪೆಟ್ಟಿಗೆಯ ಸ್ವಿಚ್ಚನ್ನು ಆರಿಸಿದೆನು. ಆರಿಸಿದುದಲ್ಲದೆ ಅದರ ತಂತಿಯನ್ನು ಕಿತ್ತು ನನ್ನ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆನು. ಹುಡುಗನು ಹೊರಗೆ ಬಂದನು. ಕೂಗಾಡಲಿಲ್ಲ. ‘ನಾಲ್ಕು ಜನ ನನ್ನನ್ನು ನಂಬಿಕೊಂಡಿದ್ದರು, ಅಪ್ಪಾ. ನಡುವೆ ಬಿಟ್ಟು ಓಡಿಹೋದವನು ಅಂತ ನನ್ನ ಹೆಸರಿಗೆ ಬರೆದುಕೊಳ್ಳುತ್ತಾರೆ’ ಎಂದಷ್ಟೇ ಹೇಳಿ, ಉಣ್ಣದೆ ಮಲಗಿದನು.

ಮಾರನೆಯ ದಿನದಿಂದ ನಮ್ಮಿಬ್ಬರಿಗೂ ಮಾತು ನಿಂತಿತು. ನನಗೆ ಬೇಕಾದುದನ್ನು ಅವನಿಗೂ, ಅವನಿಗೆ ಬೇಕಾದುದನ್ನು ನನಗೂ ಅವನ ತಾಯಿಯೇ ತಲಪಿಸಬೇಕಾಯಿತು. ಹೀಗೆ ೧೮ ದಿನಗಳು ಕಳೆದುವು. ‘ಕುರುಕ್ಷೇತ್ರವೂ ಅಷ್ಟೇ ದಿನ ನಡೆದದ್ದು. ಇನ್ನಾದರೂ ಮುಗಿಸಿ’ ಎಂದು ನನ್ನಾಕೆ ಎಚ್ಚರಿಸಿದಳು.

ಆ ಸಂಜೆ ನಾನೇ ಅವನ ಕೋಣೆಗೆ ಹೋಗಿ, ‘ಅಂದು ನಿನ್ನನ್ನು ನಂಬಿಕೊಂಡಿದ್ದ ಆ ನಾಲ್ಕು ಜನ ಯಾರಪ್ಪ?’ ಎಂದು ಕೇಳಿದೆನು. ‘ಇಬ್ಬರು ಕಾಲೇಜಿನವರು. ಒಬ್ಬ ಹುಬ್ಬಳ್ಳಿಯವನು, ಆಟದಲ್ಲೇ ಪರಿಚಯ. ಇನ್ನೊಬ್ಬ...’ ಎಂದು ತಡೆದು, ಬಾಗಿಲಲ್ಲಿ ನಿಂತಿದ್ದ ತಾಯಿಯ ಮುಖವನ್ನು ನೋಡಿ, ‘ದಾವಣಗೆರೆ ದೊಡ್ಡಪ್ಪನ ಮಗ’ ಎಂದನು. ನನಗೂ ನನ್ನ ಅಣ್ಣನಿಗೂ ತಂದೆಯವರ ಮನೆಯ ಹಿಸ್ಸೆಯ ವಿಷಯದಲ್ಲಿ ಮನಸ್ತಾಪ ಬೆಳೆದು ಮಾತು ಬಿಟ್ಟು ಆಗಲೇ ಏಳು ವರ್ಷಗಳಾಗಿದ್ದುವು. ಹಿರಿಯರಾದ ನಾವು ಒಂದು ಮನೆಯನ್ನು ಹಂಚಿಕೊಳ್ಳಲಾರದೆ ಕುಳಿತಿದ್ದಾಗ, ನಮ್ಮ ಮಕ್ಕಳು ಪ್ರತಿ ಶನಿವಾರವೂ ಒಂದೇ ಕೋಟೆಯನ್ನು ಕೂಡಿ ಕಾಯುತ್ತಿದ್ದರು! ಸ್ವಲ್ಪ ಹೊತ್ತು ನನಗೆ ಮಾತು ಹೊರಡಲಿಲ್ಲ. ಬಳಿಕ, ‘ನನಗೂ ಅದನ್ನು ಕಲಿಸು’ ಎಂದೆನು.

ಆಟವೆಂದೊಡನೆ ಹಗುರವಾಗಿ ಕಾಣುವುದು ನಮ್ಮ ಹಿರಿಯರ ಪದ್ಧತಿಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಐದು ಭಾಗಗಳಲ್ಲಿ ಕೊನೆಯದು ಕ್ರೀಡೆಗಳಿಗೇ ಮೀಸಲು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯಲ್ಲಿ ‘ಕೌತುಕನಿಧಿ’ ಎಂಬ ಭಾಗವನ್ನು ಆಟಗಳಿಗಾಗಿಯೇ ಇಟ್ಟರು. ಅರಸರು ತಿಳಿಯಲು ಯೋಗ್ಯವೆಂದು ಎಣಿಸಿದ ವಿಷಯವನ್ನು ಮೇಷ್ಟರು ತಿಳಿಯಬಾರದೆಂದಿಲ್ಲವಷ್ಟೆ.

ಮೊದಲು ಈ ಆಟದ ವಂಶವೃಕ್ಷ. ಅಮೆರಿಕದ ಬ್ಲಿಜರ್ಡ್ ಎಂಬ ಸಂಸ್ಥೆ ೨೦೦೨ರಲ್ಲಿ ‘ವಾರ್‌ಕ್ರಾಫ್ಟ್ ೩’ ಎಂಬ ಆಟವನ್ನು ಹೊರತಂದಿತು. ಆಡುವವರು ತಮಗೆ ಬೇಕಾದ ಹೊಸ ರಣಭೂಮಿಗಳನ್ನು ತಾವೇ ರಚಿಸಿಕೊಳ್ಳಲು ಅದರೊಡನೆ ಉಪಕರಣವೂ ಇದ್ದಿತು. ಅದನ್ನು ಬಳಸಿಕೊಂಡು ೨೦೦೩ರಲ್ಲಿ ಒಬ್ಬ ಅಭಿಮಾನಿ ‘ಡಿಫೆನ್ಸ್ ಆಫ್ ದಿ ಏನ್ಷಿಯೆಂಟ್ಸ್’ ಎಂಬ ರಣಭೂಮಿಯನ್ನು ಕಟ್ಟಿದನು. ಆ ಹೆಸರಿನ ಮೊದಲ ಅಕ್ಷರಗಳಿಂದ ಆದುದೇ ‘ಡೋಟಾ’. ಇದರ ಬೀಜವು ‘ಸ್ಟಾರ್‌ಕ್ರಾಫ್ಟ್’ ಎಂಬ ಅದಕ್ಕೂ ಹಿಂದಿನ ಆಟದ ಒಂದು ರಣಭೂಮಿಯಲ್ಲಿತ್ತು. ಮುಂದೆ ಬೇರೆ ಬೇರೆ ಹವ್ಯಾಸಿಗಳು ಇದನ್ನು ತಿದ್ದಿ ಬೆಳೆಸಿದರು. ನಮ್ಮ ಶಾಸ್ತ್ರಗಳಲ್ಲಿ ಒಬ್ಬನು ಸೂತ್ರವನ್ನು ರಚಿಸಿ, ಇನ್ನೊಬ್ಬನು ವಾರ್ತಿಕವನ್ನು ಸೇರಿಸಿ, ಮತ್ತೊಬ್ಬನು ಭಾಷ್ಯವನ್ನು ಬರೆದಂತೆಯೇ ಇದು. ತರುವಾಯ ದೊಡ್ಡ ಸಂಸ್ಥೆಗಳು ಇದೇ ಮಾದರಿಯಲ್ಲಿ ಸ್ವತಂತ್ರವಾದ ಆಟಗಳನ್ನು ಮಾಡಿದುವು: ೨೦೦೯ರಲ್ಲಿ ರಯಟ್ ಗೇಮ್ಸ್‌ನವರ ‘ಲೀಗ್ ಆಫ್ ಲೆಜೆಂಡ್ಸ್’, ೨೦೧೩ರಲ್ಲಿ ವಾಲ್ವ್ ಸಂಸ್ಥೆಯವರ ‘ಡೋಟಾ ೨’. ಈ ಜಾತಿಯ ಆಟಗಳಿಗೆಲ್ಲ ‘ಮೋಬಾ’ ಎಂದು ಹೆಸರು. ಹಲವರು ದೂರದೂರದಲ್ಲಿದ್ದುಕೊಂಡು ಒಂದೇ ರಣಾಂಗಣದಲ್ಲಿ ಕೂಡಿ ಆಡುವ ಆಟ ಎಂಬುದು ಅದರ ಅರ್ಥ.

ಇನ್ನು ಪಾಠಕ್ಕೆ ಬರೋಣ. ಮೊದಲನೆಯದು ಕ್ಷೇತ್ರದ ಪರಿಚಯ. ಒಂದು ಚೌಕಾಕಾರದ ಭೂಮಿಯನ್ನು ಕಲ್ಪಿಸಿಕೊಳ್ಳಿರಿ. ಅದರ ಎಡಗಡೆಯ ಕೆಳಮೂಲೆಯಲ್ಲಿ ‘ರೇಡಿಯಂಟ್’ ಎಂಬ ಪಕ್ಷದ ಕೋಟೆ; ಬಲಗಡೆಯ ಮೇಲ್ಮೂಲೆಯಲ್ಲಿ ‘ಡೈರ್’ ಎಂಬ ಪಕ್ಷದ ಕೋಟೆ. ನಡುವೆ ಕರ್ಣರೇಖೆಯಂತೆ ಒಂದು ನದಿ. ಎರಡು ಕೋಟೆಗಳನ್ನೂ ಮೂರು ಹಾದಿಗಳು ಕೂಡಿಸುತ್ತವೆ: ಮೇಲಿನದು, ನಡುವಿನದು, ಕೆಳಗಿನದು. ಹಾದಿಗಳ ನಡುವೆ ಕಾಡು. ಪ್ರತಿಯೊಂದು ಹಾದಿಯಲ್ಲಿಯೂ ಪ್ರತಿ ಪಕ್ಷಕ್ಕೆ ಒಂದರ ಹಿಂದೆ ಒಂದರಂತೆ ಮೂರು ಬುರುಜುಗಳು. ಕೋಟೆಯ ಗರ್ಭದಲ್ಲಿ ಮತ್ತೆರಡು. ಅಂತೂ ಒಂದು ಪಕ್ಷಕ್ಕೆ ೧೧. ಹೊರಗಿನ ಬುರುಜು ಬೀಳುವವರೆಗೆ ಒಳಗಿನದನ್ನು ಮುಟ್ಟಲಾಗದು. ಎಲ್ಲಕ್ಕೂ ಒಳಗೆ, ದೇಗುಲದ ಮೂಲಸ್ಥಾನದಂತೆ, ‘ಏನ್ಷಿಯೆಂಟ್’ ಎಂಬ ಕಟ್ಟಡವಿದೆ. ಎದುರಾಳಿಗಳ ಏನ್ಷಿಯೆಂಟನ್ನು ಯಾರು ಕೆಡಹುತ್ತಾರೋ ಅವರೇ ಗೆದ್ದವರು.

ನನ್ನ ಗುರುವು ಇಲ್ಲಿಯೇ ಒಂದು ಪ್ರಶ್ನೆ ಹಾಕಿದನು: ‘ಒಂದು ಪಕ್ಷ ಐವತ್ತು ಸಲ ಶತ್ರುಗಳನ್ನು ಕೊಂದಿದೆ, ಇನ್ನೊಂದು ಇಪ್ಪತ್ತೇ ಸಲ. ಗೆದ್ದವರು ಯಾರು?’ ಐವತ್ತು ಕೊಂದವರೆಂದು ನಾನು ಹೇಳಿದೆನು. ‘ಅಲ್ಲ ಅಪ್ಪಾ, ಏನ್ಷಿಯೆಂಟ್ ಕೆಡವಿದವರು. ಹೊಸಬರೆಲ್ಲ ಮಾಡುವ ತಪ್ಪು ಇದೇ’ ಎಂದನು. ಮಗನ ಬಾಯಲ್ಲಿ ನನ್ನದೇ ಪಾಠದ ಧಾಟಿಯನ್ನು ಕೇಳಿ ನನಗೆ ಒಳಗೊಳಗೆ ಸಂತೋಷವಾಯಿತು.

ಎರಡನೆಯ ಪಾಠ ಸೇನೆ ಮತ್ತು ಸಂಪಾದನೆ. ಪ್ರತಿ ೩೦ ಸೆಕೆಂಡುಗಳಿಗೊಮ್ಮೆ ಎರಡು ಕೋಟೆಗಳಿಂದಲೂ ಮೂರು ಹಾದಿಗಳಲ್ಲಿ ಕಾಲಾಳುಗಳ ತಂಡಗಳು ತಾವಾಗಿಯೇ ಹೊರಟು ನಡುವೆ ಸಂಧಿಸಿ ಕಾದುತ್ತವೆ. ಇವಕ್ಕೆ ‘ಕ್ರೀಪ್’ ಎನ್ನುತ್ತಾರೆ. ಇವನ್ನು ಯಾರೂ ನಡೆಸಬೇಕಾಗಿಲ್ಲ. ಆಡುವವನು ನಡೆಸುವುದು ಒಬ್ಬನೇ ಒಬ್ಬ ವೀರನನ್ನು. ಶತ್ರುಪಕ್ಷದ ಕಾಲಾಳಿಗೆ ಕೊನೆಯ ಪೆಟ್ಟನ್ನು ಯಾವ ವೀರನು ಕೊಡುತ್ತಾನೋ ಅವನಿಗೆ ಚಿನ್ನ ದೊರೆಯುತ್ತದೆ. ಒಂಬತ್ತು ಪೆಟ್ಟು ಹಾಕಿ ಹತ್ತನೆಯದನ್ನು ತಪ್ಪಿಸಿಕೊಂಡವನಿಗೆ ಚಿನ್ನವಿಲ್ಲ. ಆದರೆ ಹತ್ತಿರದಲ್ಲಿ ನಿಂತಿದ್ದರೆ ಅನುಭವವೆಂಬ ಅಂಕ ಬರುತ್ತದೆ. ಅನುಭವದಿಂದ ವೀರನ ಮಟ್ಟ ಏರುತ್ತದೆ. ಚಿನ್ನದಿಂದ ಆಯುಧಗಳನ್ನೂ ಪಾದರಕ್ಷೆಗಳನ್ನೂ ಕೊಳ್ಳಬಹುದು. ಇನ್ನೊಂದು ಜಾಣತನವುಂಟು: ನಮ್ಮದೇ ಕಾಲಾಳಿನ ಆಯುಸ್ಸು ಅರ್ಧಕ್ಕಿಂತ ಕೆಳಗಿಳಿದಾಗ ನಾವೇ ಅದನ್ನು ಕೊಂದರೆ, ಶತ್ರುವಿಗೆ ಸಲ್ಲಬೇಕಾದ ಲಾಭ ತಪ್ಪುತ್ತದೆ. ಇದು ಧರ್ಮವೇ ಎಂದು ಕೇಳಿದೆನು. ‘ಆಪದ್ಧರ್ಮ’ ಎಂದು ನನ್ನ ಮಗನು ನಕ್ಕನು. ಸಂಸ್ಕೃತವನ್ನು ಅವನು ಮರೆತಿಲ್ಲವೆಂಬುದು ಅಂದು ತಿಳಿಯಿತು.

ವೀರನು ಸತ್ತರೆ ಕೈಯಲ್ಲಿನ ಚಿನ್ನದಲ್ಲಿ ಒಂದಂಶ ಹೋಗುತ್ತದೆ; ಕೆಲವು ಕಾಲ ಕಾದು ಕೋಟೆಯಲ್ಲಿ ಮತ್ತೆ ಹುಟ್ಟಬೇಕು. ಮಟ್ಟ ಏರಿದಂತೆ ಕಾಯುವ ಕಾಲವೂ ಏರುತ್ತದೆ. ಆದುದರಿಂದ ಹೊಸಬನಿಗೆ ಮೊದಲ ನೀತಿ ಸಾಯದಿರುವುದು. ಶತ್ರುವಿನ ಬುರುಜು ಹತ್ತಿರ ಬಂದವರ ಮೇಲೆ ಬೆಂಕಿಯನ್ನೆಸೆಯುತ್ತದೆ. ನಮ್ಮ ಕಾಲಾಳುಗಳು ಮುಂದಿದ್ದರೆ ಸಾಮಾನ್ಯವಾಗಿ ಅವರ ಮೇಲೆಸೆಯುತ್ತದೆ. ಆದುದರಿಂದ ಕಾಲಾಳುಗಳನ್ನು ಮುಂದೆ ಬಿಟ್ಟುಕೊಂಡಲ್ಲದೆ ಬುರುಜಿನ ಕೆಳಗೆ ಕಾಲಿಡಬಾರದು. ಮೊದಲ ವಾರದಲ್ಲಿ ನಾನು ಸತ್ತದ್ದೆಲ್ಲ ಈ ಒಂದು ವಾಕ್ಯವನ್ನು ಮರೆತದ್ದರಿಂದಲೇ.

ಮೂರನೆಯ ಪಾಠ ವೀರರ ಆಯ್ಕೆ. ಡೋಟಾದಲ್ಲಿ ೧೨೦ಕ್ಕೂ ಹೆಚ್ಚು ವೀರರಿದ್ದಾರೆ. ಬಲಪ್ರಧಾನರು, ಲಾಘವಪ್ರಧಾನರು, ಬುದ್ಧಿಪ್ರಧಾನರು ಎಂದು ಮೂರು ವರ್ಗಗಳು ಮೊದಲಿನಿಂದ ಇದ್ದುವು. ಮೂರನ್ನೂ ಸಮವಾಗಿ ಅವಲಂಬಿಸಿದವರದೆಂದು ನಾಲ್ಕನೆಯ ವರ್ಗವನ್ನು ೨೦೨೩ರಲ್ಲಿ ಸೇರಿಸಿದರು. ಸಾಮಾನ್ಯವಾಗಿ ಒಬ್ಬ ವೀರನಿಗೆ ನಾಲ್ಕು ವಿದ್ಯೆಗಳು. ನಾಲ್ಕನೆಯದು ಬ್ರಹ್ಮಾಸ್ತ್ರವಿದ್ದಂತೆ, ಆರನೆಯ ಮಟ್ಟಕ್ಕೆ ಏರಿದ ಮೇಲೆ ದೊರೆಯುತ್ತದೆ, ಒಮ್ಮೆ ಬಿಟ್ಟರೆ ಮತ್ತೆ ಬಿಡಲು ಬಹಳ ಹೊತ್ತು ಕಾಯಬೇಕು. ನನಗೆ ಮಗನು ಆರಿಸಿ ಕೊಟ್ಟದ್ದು ‘ಕ್ರಿಸ್ಟಲ್ ಮೇಡನ್’ ಎಂಬ ಹಿಮಕನ್ಯೆಯನ್ನು. ಈಕೆಯ ನಡಿಗೆ ನಿಧಾನ, ದೇಹ ದುರ್ಬಲ. ಆದರೆ ಶತ್ರುವನ್ನು ಹಿಮದಲ್ಲಿ ಸೆರೆಹಿಡಿದು ನಿಂತಲ್ಲೇ ನಿಲ್ಲಿಸಬಲ್ಲಳು; ಅದಕ್ಕಿಂತ ಹೆಚ್ಚಾಗಿ, ಆಕೆ ಇರುವುದರಿಂದಲೇ ತನ್ನ ಪಕ್ಷದವರಿಗೆಲ್ಲ, ಅವರು ಎಲ್ಲಿಯೇ ಇರಲಿ, ಮಂತ್ರಶಕ್ತಿಯು ಬೇಗಬೇಗನೆ ತುಂಬುತ್ತಿರುತ್ತದೆ. ‘ನಿಮಗೆ ಇದೇ ಸರಿ ಅಪ್ಪಾ. ಮೇಷ್ಟರ ಕೆಲಸ’ ಎಂದನು.

ನಾಲ್ಕನೆಯ ಪಾಠ ಕೆಲಸದ ಹಂಚಿಕೆ. ಐವರಿಗೂ ಒಂದರಿಂದ ಐದರವರೆಗೆ ಅಂಕಗಳುಂಟು. ಚಿನ್ನದ ಮೇಲಿನ ಹಕ್ಕು ಅದೇ ಕ್ರಮದಲ್ಲಿ ಇಳಿಯುತ್ತದೆ. ಒಂದನೆಯವನು ಮೊದಲು ಅಶಕ್ತ. ಅವನನ್ನು ಕಾಪಾಡಿ ಬೆಳೆಸಿದರೆ ಕೊನೆಯಲ್ಲಿ ಆಟವನ್ನು ಗೆಲ್ಲಿಸಿಕೊಡುತ್ತಾನೆ. ಎರಡನೆಯವನು ನಡುಹಾದಿಯಲ್ಲಿ ಒಬ್ಬಂಟಿಯಾಗಿ ಕಾದುತ್ತಾನೆ. ಮೂರನೆಯವನು ಕಷ್ಟದ ಹಾದಿಯಲ್ಲಿ ನಿಂತು ಶತ್ರುಗಳನ್ನು ಕಾಡುತ್ತಾನೆ. ನಾಲ್ಕನೆಯವನೂ ಐದನೆಯವನೂ ಸಹಾಯಕರು. ಐದನೆಯವನು ಮನೆಯ ಗೃಹಿಣಿಯಂತೆ. ಎಲ್ಲರಿಗೂ ಬಡಿಸಿ ಉಳಿದುದನ್ನು ತಾನು ಉಣ್ಣುವವನು. ಈ ಮಾತನ್ನು ನಾನು ಹೇಳಿದಾಗ ನನ್ನಾಕೆ ಒಳಗಿನಿಂದ, ‘ಇದನ್ನು ತಿಳಿಯಲು ಕಂಪ್ಯೂಟರ್ ಬೇಕಾಯಿತೇ?’ ಎಂದಳು. ಉತ್ತರ ಕೊಡದೆ ಸುಮ್ಮನಾದೆನು.

ಐದನೆಯ ಪಾಠ ದೃಷ್ಟಿ. ನಮ್ಮವರು ಇಲ್ಲದ ಕಡೆಯೆಲ್ಲ ನಕ್ಷೆಯ ಮೇಲೆ ಮಂಜು ಕವಿದಿರುತ್ತದೆ. ಅಲ್ಲಿ ಯಾರು ಹೊಂಚುಹಾಕಿದ್ದಾರೆಂದು ಕಾಣಿಸದು. ಐದೈದು ನಿಮಿಷಕ್ಕೆ ಹಗಲು ರಾತ್ರಿಗಳು ತಿರುಗುತ್ತವೆ. ರಾತ್ರಿಯಲ್ಲಿ ಕಣ್ಣಳವು ಇನ್ನೂ ಕಿರಿದು. ಇದಕ್ಕೆ ಪರಿಹಾರವಾಗಿ ‘ವಾರ್ಡ್’ ಎಂಬ ಕಾವಲುಕಣ್ಣನ್ನು ನೆಡುತ್ತಾರೆ. ಅದು ಆರು ನಿಮಿಷ ಇದ್ದು ಸುತ್ತಲಿನದನ್ನು ತೋರಿಸುತ್ತದೆ. ಇದನ್ನು ನೆಡುವ ಭಾರ ಹೆಚ್ಚಾಗಿ ಐದನೆಯವನದೇ. ಶತ್ರುಗಳಲ್ಲಿ ಮೂವರು ನಕ್ಷೆಯಲ್ಲಿ ಕಾಣಿಸದಿದ್ದರೆ ಅವರು ನನ್ನ ಕಡೆಗೇ ಬರುತ್ತಿದ್ದಾರೆಂದು ತಿಳಿದು ಹಿಂದೆ ಸರಿಯಬೇಕೆಂಬುದು ಗುರುವಿನ ಸೂತ್ರ. ಇದಲ್ಲದೆ ‘ರೋಷನ್’ ಎಂಬ ದೈತ್ಯನು ಗುಹೆಯೊಂದರಲ್ಲಿ ಇರುತ್ತಾನೆ. ಐವರೂ ಕೂಡಿ ಅವನನ್ನು ಕೆಡಹಿದರೆ ಒಂದು ಗುರಾಣಿ ಸಿಕ್ಕುತ್ತದೆ. ಅದನ್ನು ಹಿಡಿದವನು ಐದು ನಿಮಿಷಗಳೊಳಗೆ ಸತ್ತರೆ ಬಿದ್ದಲ್ಲಿಯೇ ಮತ್ತೆ ಏಳುತ್ತಾನೆ.

ಮೂರು ವಾರ ಯಂತ್ರವೇ ನಡೆಸುವ ಎದುರಾಳಿಗಳೊಡನೆ ಅಭ್ಯಾಸ ಮಾಡಿದೆನು. ಹೊಸಬರು ಹೀಗೆಯೇ ಆರಂಭಿಸಬೇಕು. ಇಲ್ಲಿ ಯಾರಿಗೂ ನಮ್ಮಿಂದ ಹಾನಿಯಿಲ್ಲ. ಶ್ರಾವಣದ ಒಂದು ಶನಿವಾರ ಹುಬ್ಬಳ್ಳಿಯ ಹುಡುಗನಿಗೆ ಬಿಡುವಿರಲಿಲ್ಲ. ಐದನೆಯವನ ಸ್ಥಾನದಲ್ಲಿ ನನ್ನನ್ನು ಕೂರಿಸಿದರು. ದರ್ಜೆಯ ಲೆಕ್ಕವಿಲ್ಲದ ಪಂದ್ಯವಾದುದರಿಂದ ಸೋತರೆ ಯಾರಿಗೂ ನಷ್ಟವಿಲ್ಲವೆಂದು ಮಗನು ಧೈರ್ಯ ಹೇಳಿದನು. ನಾನು ಕಿವಿಗೆ ಯಂತ್ರವನ್ನು ಹಾಕಿಕೊಂಡೆನು. ಏಳು ನಿಮಿಷಗಳಲ್ಲಿ ನಾಲ್ಕು ಸಲ ಸತ್ತೆನು. ಆಗ ಕಿವಿಯಲ್ಲಿ ಒಂದು ದನಿ, ‘ಯಾರಿದು ಹೊಸಬರು? ಒಬ್ಬರೇ ಮುಂದೆ ಹೋಗಬೇಡಿ, ನನ್ನ ಹಿಂದೆ ನಿಂತುಕೊಳ್ಳಿ’ ಎಂದಿತು. ‘ಆಗಲಿ’ ಎಂದೆನು. ಆ ಒಂದು ಮಾತಿಗೇ ಆ ಕಡೆ ಸದ್ದಡಗಿತು. ಬಳಿಕ ಮೆಲ್ಲನೆ, ‘ಚಿಕ್ಕಪ್ಪಾ?’ ಎಂದಿತು.

ಆ ದನಿಯನ್ನು ನಾನು ಕೊನೆಯ ಸಲ ಕೇಳಿದಾಗ ಅದು ಹತ್ತು ವರ್ಷದ ಮಗುವಿನ ದನಿಯಾಗಿತ್ತು. ಏನು ಹೇಳಬೇಕೆಂದು ತೋಚದೆ, ‘ಹೌದಪ್ಪ, ನಾನೇ. ಈಗೇನು ಮಾಡಲಿ?’ ಎಂದೆನು. ‘ಏನೂ ಬೇಡ ಚಿಕ್ಕಪ್ಪ, ನನ್ನ ಹಿಂದೆ ಇರಿ. ನಾನು ಹೇಳಿದಾಗ ಹಿಮ ಹಾಕಿ’ ಎಂದನು. ಅವನು ಹೇಳಿದಾಗ ಹಾಕಿದೆನು. ಶತ್ರುವು ನಿಂತಲ್ಲೇ ನಿಂತನು. ಅಣ್ಣತಮ್ಮಂದಿರ ಮಕ್ಕಳಿಬ್ಬರೂ ಎರಡು ಕಡೆಯಿಂದ ಬಂದು ಅವನನ್ನು ಮುಗಿಸಿದರು. ಆ ಪಂದ್ಯವನ್ನು ನಾವು ಸೋತೆವು. ಆದರೂ ಆ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬಾರದುದು ಸೋಲಿನ ನಿಮಿತ್ತವಲ್ಲ.

ಇನ್ನು ಗೃಹಸ್ಥರಿಗೆ ನಾಲ್ಕು ಮಾತು. ಮೊದಲನೆಯದು ಹೊತ್ತಿನ ವಿಷಯ. ಒಂದು ಪಂದ್ಯವು ಸಾಮಾನ್ಯವಾಗಿ ಅರ್ಧ ಗಂಟೆಗೂ ಒಂದು ಗಂಟೆಗೂ ನಡುವೆ ಮುಗಿಯುತ್ತದೆ. ಎಷ್ಟು ಹೊತ್ತಿಗೆಂದು ಆಡುವವನೂ ಹೇಳಲಾರನು. ನಡುವೆ ವಿರಾಮಕ್ಕೆ ಅವಕಾಶವುಂಟು. ಆದರೆ ಎದುರಾಳಿಯೂ ಆ ವಿರಾಮವನ್ನು ಮುರಿಯಬಹುದು. ಸಂಪರ್ಕ ಕಡಿದು ಐದು ನಿಮಿಷ ಮರಳದಿದ್ದವನನ್ನು ರಣ ಬಿಟ್ಟವನೆಂದು ಎಣಿಸುತ್ತಾರೆ. ಮತ್ತೆ ಮತ್ತೆ ಹಾಗಾದರೆ ಅವನನ್ನು ಕೆಳಸಾಲಿಗೆ ತಳ್ಳುತ್ತಾರೆ. ಆದುದರಿಂದ ‘ಈಗಲೇ ಏಳು’ ಎಂದು ಪಂದ್ಯದ ನಡುವೆ ಕೂಗುವುದು ವ್ಯರ್ಥ. ‘ಎಂಟು ಗಂಟೆಯ ಮೇಲೆ ಹೊಸ ಪಂದ್ಯ ಹಿಡಿಯಬೇಡ’ ಎಂದು ಮೊದಲೇ ಹೇಳಿದರೆ ಸಾಕು. ನಮ್ಮ ಮನೆಯಲ್ಲಿ ಈ ನಿಯಮ ಬಂದ ಮೇಲೆ ಸಾರು ಆರಿಲ್ಲ.

ಎರಡನೆಯದು ಹಣದ ವಿಷಯ. ಡೋಟಾ ಆಡಲು ಹಣ ಕೊಡಬೇಕಾಗಿಲ್ಲ, ವೀರರೆಲ್ಲರೂ ಉಚಿತ. ಮಾರಾಟಕ್ಕಿರುವುದು ಹೆಚ್ಚಾಗಿ ವೀರರ ಉಡುಪು ಅಲಂಕಾರಗಳು. ಅವುಗಳಿಂದ ಬಲವೇನೂ ಹೆಚ್ಚುವುದಿಲ್ಲ. ಮಕ್ಕಳ ಕೈಗೆ ಬ್ಯಾಂಕಿನ ಕಾರ್ಡು ಸಿಕ್ಕದಂತೆ ನೋಡಿಕೊಂಡರೆ ಆಯಿತು. ಪಣವೊಡ್ಡಿ ಆಡುವ ಆಟಗಳು ಬೇರೆಯೇ ಜಾತಿ. ಋಗ್ವೇದದ ಹತ್ತನೆಯ ಮಂಡಲದ ೩೪ನೆಯ ಸೂಕ್ತದಲ್ಲಿಯೇ ಜೂಜುಗಾರನ ಮನೆಯ ಗೋಳು ಉಂಟು. ೨೦೨೫ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಕಾಯಿದೆಯೂ ಹಣವೊಡ್ಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸಿ, ಸ್ಪರ್ಧೆಯ ರೂಪದ ಇ-ಕ್ರೀಡೆಗಳನ್ನು ಬೇರೆಯಾಗಿ ಎಣಿಸಿದೆ. ಈ ಭೇದವನ್ನು ತಂದೆತಾಯಿಗಳು ತಿಳಿದಿರಬೇಕು.

ಮೂರನೆಯದು ಕೀರ್ತಿಯ ವಿಷಯ. ಡೋಟಾದ ಮೊದಲ ಜಾಗತಿಕ ಪಂದ್ಯಾವಳಿಯು ೨೦೧೧ರಲ್ಲಿ ಜರ್ಮನಿಯ ಕಲೋನಿನಲ್ಲಿ ನಡೆದಾಗ ಗೆದ್ದ ತಂಡಕ್ಕೆ ೧೦ ಲಕ್ಷ ಡಾಲರುಗಳು ದೊರೆತುವು. ೨೦೨೧ರ ಪಂದ್ಯಾವಳಿಯಲ್ಲಿ ಬಹುಮಾನಗಳ ಒಟ್ಟು ಮೊತ್ತ ನಾಲ್ಕು ಕೋಟಿ ಡಾಲರುಗಳನ್ನು ಮೀರಿತು. ೨೦೨೨ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಇ-ಕ್ರೀಡಾಸ್ಪರ್ಧೆಯಲ್ಲಿ ಭಾರತದ ಡೋಟಾ ತಂಡವು ಕಂಚಿನ ಪದಕ ಪಡೆಯಿತು. ೨೦೨೩ರಲ್ಲಿ ಹ್ಯಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇದು ಪದಕದ ಸ್ಪರ್ಧೆಯೇ ಆಗಿತ್ತು. ಇವು ಮೆಚ್ಚತಕ್ಕ ಸಂಗತಿಗಳೇ. ಆದರೆ ಕ್ರಿಕೆಟ್ ಆಡುವವರೆಲ್ಲರೂ ದೇಶಕ್ಕಾಗಿ ಆಡುವುದಿಲ್ಲ. ಇದನ್ನು ನಂಬಿ ಓದನ್ನು ಬಿಡುವೆನೆನ್ನುವ ಹುಡುಗನಿಗೆ ಈ ಲೆಕ್ಕವನ್ನು ಪ್ರೀತಿಯಿಂದ ತಿಳಿಸಬೇಕು.

ನಾಲ್ಕನೆಯದು ಎಚ್ಚರದ ವಿಷಯ. ಆಟದ ಮೇಲೆ ಹಿಡಿತ ತಪ್ಪಿ, ಊಟ ನಿದ್ರೆ ಓದುಗಳಿಗಿಂತ ಅದೇ ಮುಖ್ಯವಾಗಿ, ಕೇಡು ಕಣ್ಣಿಗೆ ಕಾಣುತ್ತಿದ್ದರೂ ಬಿಡಲಾಗದೆ, ಈ ಸ್ಥಿತಿ ಸಾಮಾನ್ಯವಾಗಿ ಒಂದು ವರ್ಷದವರೆಗೆ ಮುಂದುವರಿದರೆ ಅದು ರೋಗವೆಂದು ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಆ ಪಟ್ಟಿಯು ೨೦೨೨ರಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರ ನೆರವಿಗಾಗಿ ‘ಶಟ್’ ಎಂಬ ಚಿಕಿತ್ಸಾಲಯವನ್ನು ೨೦೧೪ರಲ್ಲಿಯೇ ತೆರೆದರು. ಆಟದಲ್ಲಿ ಅಪರಿಚಿತರಿಂದ ಹೊಲಸು ಮಾತುಗಳು ಬರುವುದೂ ಉಂಟು; ಅವರ ದನಿಯನ್ನು ಮುಚ್ಚಿಬಿಡುವ ಗುಂಡಿಯಿದೆ, ದೂರು ಕೊಡುವ ದಾರಿಯಿದೆ. ಇವೆರಡನ್ನೂ ಮಗನಿಂದ ಮೊದಲ ದಿನವೇ ಕಲಿತುಕೊಂಡೆನು. ಮಗನು ಏನಾಡುತ್ತಿದ್ದಾನೆಂದು ತಿಳಿಯದ ತಂದೆಗೆ ಇವುಗಳಲ್ಲಿ ಒಂದೂ ತಿಳಿಯುವಂತಿಲ್ಲ.

ಗೌರಿ ಹಬ್ಬದ ಹಿಂದಿನ ಶನಿವಾರ ಮತ್ತೆ ಆಡಿದೆವು. ಆ ದಿನ ಗೆದ್ದೆವು. ಪಂದ್ಯ ಮುಗಿದ ಮೇಲೆ ಅಣ್ಣನ ಮಗನನ್ನು, ‘ನಿಮ್ಮಪ್ಪ ಹೇಗಿದ್ದಾರೆ?’ ಎಂದು ಕೇಳಿದೆನು. ಏಳು ವರ್ಷಗಳಿಂದ ನನ್ನ ನಾಲಗೆಗೆ ಬಾರದಿದ್ದ ಮಾತು ಅದು. ‘ಇಲ್ಲೇ ಪಕ್ಕದಲ್ಲಿ ಕೂತಿದ್ದಾರೆ ಚಿಕ್ಕಪ್ಪ. ಮೊದಲಿನಿಂದ ನೋಡುತ್ತಾ ಇದ್ದಾರೆ’ ಎಂದನು. ಆ ಕಡೆ ಏನೋ ಗುಸುಗುಸು ಕೇಳಿಸಿತು. ‘ಚಿಕ್ಕವನಾಗಿದ್ದಾಗಲೂ ಚದುರಂಗದಲ್ಲಿ ಮಂತ್ರಿಯನ್ನು ಬೇಗ ಹೊರಗೆ ತಂದು ಕಳೆದುಕೊಳ್ಳುತ್ತಿದ್ದ, ಈಗಲೂ ಹಾಗೇ ಆಡುತ್ತಾನೆ ಅಂತ ಹೇಳು ಅಂತಿದ್ದಾರೆ.’

ಹಿಸ್ಸೆಯ ವ್ಯವಹಾರ ಇನ್ನೂ ತೀರಿಲ್ಲ. ತೀರುವುದು ಸುಲಭವೂ ಅಲ್ಲ. ಆದರೆ ಹಬ್ಬದ ದಿನ ನಾನೇ ಅಣ್ಣನಿಗೆ ದೂರವಾಣಿ ಮಾಡಿದೆನು. ಅವನು ತೆಗೆದುಕೊಂಡನು. ಮಂತ್ರಿಯನ್ನು ಬೇಗ ತರುತ್ತಿದ್ದವನು ನಾನೋ ಅವನೋ ಎಂಬ ವಿಷಯದಲ್ಲಿ ಅರ್ಧ ಗಂಟೆ ವಾದ ನಡೆಯಿತು.

ಮನೆಯಲ್ಲಿ ಮುಚ್ಚಿದ ಬಾಗಿಲುಗಳಿದ್ದರೆ ಓದುಗರು ತಂತಿಯನ್ನು ಕೀಳುವ ಮೊದಲು ಒಮ್ಮೆ ಒಳಗೆ ಹೋಗಿ, ಮಗನ ಪಕ್ಕದಲ್ಲಿ ಒಂದು ಕುರ್ಚಿ ಎಳೆದುಕೊಂಡು ಕುಳಿತು, ಅಲ್ಲಿ ಯಾರು ಯಾರನ್ನು ಕಾಯುತ್ತಿದ್ದಾರೆಂದು ಕೇಳಬೇಕು. ಇಷ್ಟೇ ನನ್ನ ವಿಜ್ಞಾಪನೆ.